ಎಪ್ಪತ್ತೆರಡು ಗಜದ ಸಂಸಾರ

ನಮ್ಮ ದೇಶದ ಕಾರ್ಮಿಕ ಇಲಾಖೆಗಳ ಕಡತಗಳಲ್ಲಿ ಒಂದು ಸಂಸಾರ ಅರವತ್ತು ವರ್ಷಗಳಿಗೂ ಮೀರಿ ವಾಸವಾಗಿದೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಗಂಡ ದುಡಿಯುತ್ತಾನೆ, ಹೆಂಡತಿ ದುಡಿದರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಮಕ್ಕಳು ದೊಡ್ಡವರಾಗುವುದೇ ಇಲ್ಲ. ಇವರಿಗೆ ಹೆಸರಿಲ್ಲ, ಊರಿಲ್ಲ, ಸಾಲವಿಲ್ಲ, ಮನೆಗೆ ನೆಂಟರು ಬಂದ ದಾಖಲೆಯೂ ಇಲ್ಲ. ಕಾರ್ಖಾನೆಯ ಕೆಲಸಗಾರನಿಗೆ ಕನಿಷ್ಠ ಎಷ್ಟು ಕೊಡಬೇಕೆಂದು ಸರ್ಕಾರವೋ ನ್ಯಾಯಾಲಯವೋ ಲೆಕ್ಕಕ್ಕೆ ಕೂತಾಗಲೆಲ್ಲ ಈ ನಾಲ್ವರನ್ನು ಕರೆದು ಎದುರಿಗೆ ನಿಲ್ಲಿಸಿ, ಇವರು ಎಷ್ಟು ಉಣ್ಣುತ್ತಾರೆ, ಎಷ್ಟು ಉಡುತ್ತಾರೆ ಎಂದು ಅಳೆಯುವುದು ಪದ್ಧತಿಯಾಗಿದೆ. ಕನಿಷ್ಠ ವೇತನದ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ದರಗಳ ಕೋಷ್ಟಕಗಳಿಗಿಂತ ಈ ಸಂಸಾರದ ಮೇಲೆಯೇ ಕುತೂಹಲ ಬೆಳೆಯಿತು.

ಇವರು ಹುಟ್ಟಿದ್ದು 1957ರ ಜುಲೈನಲ್ಲಿ, ನವದೆಹಲಿಯಲ್ಲಿ. ಸರ್ಕಾರ, ಮಾಲೀಕರು ಮತ್ತು ಕಾರ್ಮಿಕ ಸಂಘಗಳು ಒಟ್ಟಿಗೆ ಕೂಡುವ ಭಾರತೀಯ ಕಾರ್ಮಿಕ ಸಮ್ಮೇಳನದ ಹದಿನೈದನೆಯ ಅಧಿವೇಶನ ಅಲ್ಲಿ ನಡೆಯಿತು. ಅದಕ್ಕೂ ಮೊದಲೇ, ಸ್ವಾತಂತ್ರ್ಯ ಬಂದು ವರ್ಷ ತುಂಬುವುದರೊಳಗೆ, 1948ರ ಕನಿಷ್ಠ ವೇತನ ಕಾಯ್ದೆ ಬಂದಿತ್ತು. ಬೀಡಿ ಕಟ್ಟುವುದು, ಅಕ್ಕಿ ಗಿರಣಿ, ಚರ್ಮ ಹದ ಮಾಡುವುದು, ಕಲ್ಲು ಒಡೆಯುವುದು ಮುಂತಾಗಿ ಕೂಲಿ ತೀರ ಕಡಿಮೆಯಿದ್ದು ಸಂಘದ ಬಲವೂ ಇಲ್ಲದ ಕಸುಬುಗಳನ್ನು ಅದು ಪಟ್ಟಿ ಮಾಡಿ, ಅವುಗಳ ದರವನ್ನು ಗೊತ್ತುಪಡಿಸಬೇಕು, ಐದು ವರ್ಷ ಮೀರದಂತೆ ಮರುಪರಿಶೀಲಿಸಬೇಕು ಎಂದಿತು. ಆದರೆ ಕನಿಷ್ಠವೆಂದರೆ ಎಷ್ಟು, ಅದನ್ನು ಯಾವ ಅಳತೆಯಿಂದ ಕಂಡುಕೊಳ್ಳಬೇಕು ಎಂಬುದನ್ನು ಮಾತ್ರ ಹೇಳದೆ ಬಿಟ್ಟಿತು. ಅದಕ್ಕೂ ಹಿಂದಿನ ಕಾಲದಲ್ಲಂತೂ ವಾದವೆಲ್ಲ ಶೇಕಡಾವಾರಿನದೇ. 1918ರ ಅಹಮದಾಬಾದ್ ಗಿರಣಿ ಮುಷ್ಕರದಲ್ಲಿ ಮಾಲೀಕರು ನೂರಕ್ಕೆ 20 ಏರಿಸುತ್ತೇವೆಂದರು, ಕೆಲಸಗಾರರು 50 ಕೇಳಿದರು, ಗಾಂಧೀಜಿ 35ಕ್ಕೆ ಪಟ್ಟುಹಿಡಿದರು. ಭಾರತದ ಕಾರ್ಮಿಕರ ಸ್ಥಿತಿಗತಿ ವಿಚಾರಿಸಿ 1931ರಲ್ಲಿ ವರದಿ ಕೊಟ್ಟ ರಾಯಲ್ ಆಯೋಗ, ಬಹುಪಾಲು ಕೈಗಾರಿಕಾ ಕೇಂದ್ರಗಳಲ್ಲಿ ಕಾರ್ಮಿಕ ಕುಟುಂಬಗಳ ಮೂರರಲ್ಲಿ ಎರಡು ಪಾಲು ಸಾಲದಲ್ಲಿವೆ ಎಂದು ಬರೆಯಿತು. ಮೊದಲೇ ಸಾಲದಲ್ಲಿರುವ ಕೂಲಿಯ ಮೇಲೆ ನೂರಕ್ಕೆ ಎಷ್ಟು ಏರಿಸಿದರೆ ಮನೆ ನಡೆದೀತು ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದರೆ, ಮನೆಯೊಳಗೆ ಎಷ್ಟು ಜನ ಇದ್ದಾರೆಂದು ಎಣಿಸಲೇಬೇಕಾಗುತ್ತದೆ.

ಹಾಗೆ ಎಣಿಸುವ ಕೆಲಸವನ್ನು ಆಸ್ಟ್ರೇಲಿಯಾದವರು ಅರ್ಧ ಶತಮಾನ ಮೊದಲೇ ಮಾಡಿದ್ದರು. ಕೊಯ್ಲು ಯಂತ್ರದ ಕಾರ್ಖಾನೆಯೊಂದರ ಪ್ರಕರಣದಲ್ಲಿ 1907ರಲ್ಲಿ ನ್ಯಾಯಮೂರ್ತಿ ಹಿಗಿನ್ಸ್ ಅವರು ಗಂಡ, ಹೆಂಡತಿ, ಮಕ್ಕಳಿರುವ ಸುಮಾರು ಐದು ಜನರ ಮನೆಯನ್ನು ಕಲ್ಪಿಸಿಕೊಂಡು, ಅಲ್ಲಿಯ ಬಾಡಿಗೆ ದಿನಸಿಗಳನ್ನು ವಿಚಾರಿಸಿ, ಅಕುಶಲ ಕೆಲಸಗಾರನಿಗೆ ದಿನಕ್ಕೆ 7 ಷಿಲಿಂಗ್ ನ್ಯಾಯವೆಂದು ತೀರ್ಪು ಕೊಟ್ಟರು. ನಮ್ಮ ಕಡತದ ಸಂಸಾರಕ್ಕೆ ದೂರದೇಶದ ಹಿರಿಯ ಬಂಧುಗಳೆಂದು ಯಾರಾದರೂ ಇದ್ದರೆ ಅವರೇ.

1957ರ ಸಮ್ಮೇಳನದ ನಿರ್ಣಯ ನಾಲ್ಕು ಜನರ ಮನೆಯನ್ನು ಮೂರು ಬಳಕೆ ಘಟಕಗಳೆಂದು ಎಣಿಸಿತು. ಇದನ್ನು ಬಿಡಿಸಿ ಹೇಳುವವರು ಗಂಡಸಿಗೆ 1, ಹೆಂಗಸಿಗೆ 0.8, ಮಕ್ಕಳಿಗೆ ತಲಾ 0.6 ಎಂದು ಕೂಡಿ ತೋರಿಸುತ್ತಾರೆ. ಪ್ರತಿ ಘಟಕಕ್ಕೆ ದಿನಕ್ಕೆ 2700 ಕ್ಯಾಲೊರಿ ಆಹಾರ; ಈ ಸಂಖ್ಯೆ ಡಾ. ಅಯ್ಕ್ರಾಯ್ಡ್ ಅವರದು. ನೀಲಗಿರಿಯ ಕೂನೂರಿನಲ್ಲಿದ್ದ ಪೌಷ್ಟಿಕಾಂಶ ಸಂಶೋಧನಾಲಯವನ್ನು ಹತ್ತು ವರ್ಷ ನಡೆಸಿ, ಬಂಗಾಳದ ಬರಗಾಲದ ವಿಚಾರಣಾ ಆಯೋಗದಲ್ಲೂ ಕೂತು ಬಂದವರು ಅವರು. ಹಸಿವನ್ನು ಬಲ್ಲವರೆಂದೇ ಹೇಳಬೇಕು. ಒಟ್ಟು ಮನೆಗೆ 8100 ಕ್ಯಾಲೊರಿ ಆಯಿತು. ಬೆಳಗಿನ ಐದಕ್ಕೆ ಎದ್ದು ನೀರು ಹಿಡಿದು, ಅಡುಗೆ ಮಾಡಿ, ಪಾತ್ರೆ ಬಟ್ಟೆ ತೊಳೆದು, ಎಲ್ಲರಿಗಿಂತ ಕೊನೆಗೆ ತಟ್ಟೆಯ ಮುಂದೆ ಕೂರುವವಳಿಗೆ 0.8 ಸಾಕೆಂದು ಲೆಕ್ಕ ಹೇಳುತ್ತದೆ. ಹದಿನಾಲ್ಕರ ಹುಡುಗ ಮುದ್ದೆಯ ಮುಂದೆ ಕೂತಾಗ 0.6ಕ್ಕೆ ನಿಲ್ಲುತ್ತಾನೆಯೇ ಎಂಬುದನ್ನು ಬಡಿಸುವವರನ್ನೇ ಕೇಳಬೇಕು.

ಈ ಲೆಕ್ಕವನ್ನು ಒಪ್ಪಿ ಎದ್ದ ಸರ್ಕಾರಕ್ಕೇ ಅದು ಬೇಗನೆ ಭಾರವಾಯಿತು. ಕೇಂದ್ರ ನೌಕರರಿಗೆ ಸಂಬಳ ಗೊತ್ತುಪಡಿಸಲು ಕೂತಿದ್ದ ಎರಡನೆಯ ವೇತನ ಆಯೋಗ ಹಾಕಿ ನೋಡಿದಾಗ ಸಮ್ಮೇಳನದ ಸೂತ್ರದಂತೆ ತಿಂಗಳಿಗೆ 125 ರೂಪಾಯಿ ಬಂತು; ದೇಶದ ಆರ್ಥಿಕ ಶಕ್ತಿಗೆ ಅದು ಮೀರಿದ್ದೆಂದು ಹೇಳಿ ಆಯೋಗ 80ಕ್ಕೆ ನಿಲ್ಲಿಸಿತು. 1960ರ ಜುಲೈನಲ್ಲಿ ಕೇಂದ್ರ ಸರ್ಕಾರಿ ನೌಕರರು ಮುಷ್ಕರ ಹೂಡಿದರು. ಕೂಲಿಯಾಳುಗಳಿಗೆ ಬರಿಯ ಕನಿಷ್ಠ ವೇತನವನ್ನೂ ಕೊಡಲಾಗದ ಉದ್ಯಮಕ್ಕೆ ಉಳಿಯುವ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟು ಸರಿಸುಮಾರು ಅದೇ ಕಾಲದಲ್ಲಿ ಹೇಳಿತ್ತು. ಆ ಮಾತು ಖಾಸಗಿ ಮಾಲೀಕರ ಕಿವಿಗೆ ಬಿದ್ದಷ್ಟು ಜೋರಾಗಿ ದೆಹಲಿಯ ಕಚೇರಿಗಳಿಗೆ ಕೇಳಿಸಿದಂತಿಲ್ಲ.

ಊಟದ ಲೆಕ್ಕಕ್ಕಿಂತ ನನಗೆ ಇಷ್ಟವಾದದ್ದು ಬಟ್ಟೆಯದು. ತಲೆಗೆ ವರ್ಷಕ್ಕೆ 18 ಗಜ, ನಾಲ್ವರಿಗೆ 72 ಗಜ. ಇಲ್ಲಿ ಘಟಕಗಳ ಗೋಜಿಲ್ಲ, ಊಟದಲ್ಲಿ 0.6 ಆಗಿದ್ದ ಮಗು ಬಟ್ಟೆಯಲ್ಲಿ ಪೂರ್ತಿ ಮನುಷ್ಯನಾಗುತ್ತದೆ, ತಂದೆಗೆ ಸರಿಸಮನಾಗಿ ಹದಿನೆಂಟು ಗಜ ಪಡೆಯುತ್ತದೆ. ಮನೆಯ ಹೆಂಗಸು ಆರು ಗಜದ ಎರಡು ಸೀರೆ ತೆಗೆದುಕೊಂಡರೆ ಹನ್ನೆರಡು ಗಜ ಹೋಯಿತು, ಉಳಿದ ಆರರಲ್ಲಿ ರವಿಕೆ, ಲಂಗ. ಬಾಗಲಕೋಟೆಯ ಕಡೆಯವಳಾಗಿ ಎಂಟು ಗಜದ ಇಳಕಲ್ ಸೀರೆಯನ್ನೇ ಉಡುವವಳಾದರೆ ಎರಡು ಸೀರೆಗೆ ಹದಿನಾರು. ಕುಬಸಕ್ಕೆಂದು ಎರಡು ಗಜ ಮಿಗುತ್ತದೆ, ಅಷ್ಟರಲ್ಲಿ ವರ್ಷ ಕಳೆಯಬೇಕು. ಟವೆಲು, ಹೊದಿಕೆಗಳನ್ನೂ ಇದರಲ್ಲೇ ಹೊಂದಿಸಬೇಕೇನೋ, ತಿಳಿಯದು. ಸೂತ್ರದ ಹಿಂದಿನ ಉದ್ದೇಶವೇನೋ ದೊಡ್ಡದು. ಕೂಲಿಯವನಿಗೂ ಮೈ ಮುಚ್ಚುವಷ್ಟಲ್ಲ, ಮರ್ಯಾದೆಯಿಂದ ಉಡುವಷ್ಟು ಬಟ್ಟೆ ಬೇಕೆಂದು ಒಂದು ದೇಶ ಗಜಕಡ್ಡಿ ಹಿಡಿದು ಹೇಳಿದ್ದು ಸಣ್ಣ ಮಾತಲ್ಲ. ಮುಂದೆ 2019ರ ವೇತನ ಸಂಹಿತೆಗೆ ಕೇಂದ್ರವು 2020ರಲ್ಲಿ ಬರೆದ ಕರಡು ನಿಯಮಗಳಲ್ಲಿ ಈ ಗಜ ಮೀಟರಾಗಿ, 72 ಗಜದ ಜಾಗದಲ್ಲಿ 66 ಮೀಟರ್ ಎಂದು ಬಂತು. ನಾನು ಗುಣಿಸಿ ನೋಡಿದೆ: 72 ಗಜಕ್ಕೆ 65.84 ಮೀಟರ್. ಅರವತ್ತಮೂರು ವರ್ಷಗಳಲ್ಲಿ ಈ ಸಂಸಾರಕ್ಕೆ ಹೆಚ್ಚಾಗಿ ಸಿಕ್ಕ ಬಟ್ಟೆ ಒಂದು ಗೇಣಿಗೂ ಕಡಿಮೆ, ಅದೂ ಪೂರ್ಣಾಂಕದ ಕೃಪೆಯಿಂದ.

ಬಾಡಿಗೆಯ ವಿಷಯದಲ್ಲಿ ಸಮ್ಮೇಳನದವರು ಸರ್ಕಾರದ ಕೈಗಾರಿಕಾ ವಸತಿ ಯೋಜನೆಯ ಕನಿಷ್ಠ ವಿಸ್ತೀರ್ಣದ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಕರಡು ನಿಯಮಗಳಲ್ಲಿ ಅದು ಊಟ ಬಟ್ಟೆಗಳ ಖರ್ಚಿನ ನೂರಕ್ಕೆ ಹತ್ತು ಪಾಲಾಯಿತು. ಊಟ ಬಟ್ಟೆಗೆ ಹತ್ತು ಸಾವಿರ ರೂಪಾಯಿ ಆದರೆ ಬಾಡಿಗೆಗೆ ಒಂದು ಸಾವಿರ. ಪೀಣ್ಯದ ಸುತ್ತಮುತ್ತ ಶೀಟಿನ ಮನೆ ಹುಡುಕಿ, ಅಡ್ವಾನ್ಸ್ ಹೊಂದಿಸಿ, ಒಂದೇ ಕೋಣೆಯಲ್ಲಿ ನಾಲ್ಕು ಜನ ಮಲಗುವವರಿಗೆ ಈ ಸಾಲನ್ನು ಓದಿ ಹೇಳುವ ಧೈರ್ಯ ನನಗಿಲ್ಲ. ಇಂಧನ, ದೀಪ ಮತ್ತು ಇತರೆಗೆಂದು ಒಟ್ಟು ವೇತನದಲ್ಲಿ ನೂರಕ್ಕೆ ಇಪ್ಪತ್ತು ಪಾಲು ತೆಗೆದಿಟ್ಟಿದೆ. ಬಸ್ ಚಾರ್ಜು, ಸೋಪು, ಮೊಬೈಲಿನ ರೀಚಾರ್ಜು, ಊರ ಜಾತ್ರೆಗೆ ಹೋಗಿಬರುವ ಖರ್ಚು ಎಲ್ಲವೂ ಆ ‘ಇತರೆ’ಯೊಳಗೆ ನುಸುಳಬೇಕು.

ಇಷ್ಟೆಲ್ಲ ಎಣಿಸಿದವರು ಮಕ್ಕಳನ್ನು ಶಾಲೆಗೆ ಕಳುಹಿಸುವುದನ್ನು ಮರೆತಿದ್ದರು. ಮದರಾಸಿನಲ್ಲಿ ಘಟಕವಿದ್ದ ರೆಪ್ಟಾಕೋಸ್ ಬ್ರೆಟ್ ಎಂಬ ಔಷಧ ಕಂಪನಿಯ ತುಟ್ಟಿಭತ್ಯೆಯ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ 1991ರಲ್ಲಿ ತೀರ್ಪಾದಾಗ, ಮಕ್ಕಳ ಓದು, ವೈದ್ಯಕೀಯ ವೆಚ್ಚ, ಹಬ್ಬಹರಿದಿನವೂ ಸೇರಿದ ಮನರಂಜನೆ, ಮುಪ್ಪು, ಮದುವೆ ಇವುಗಳಿಗಾಗಿ ಕನಿಷ್ಠ ವೇತನದಲ್ಲಿ ನೂರಕ್ಕೆ 25 ಪಾಲು ಇರಬೇಕೆಂದು ನ್ಯಾಯಾಲಯ ಸೇರಿಸಿತು. ಹಾಗೆ ಈ ಮನೆಯ ಮಕ್ಕಳಿಗೆ ಪಾಟಿಚೀಲ ಬಂದದ್ದು ಹುಟ್ಟಿದ ಮೂವತ್ತನಾಲ್ಕು ವರ್ಷಗಳ ಮೇಲೆ.

ಅಷ್ಟು ಹೊತ್ತಿಗೆ ಮನೆಯ ಹೊರಗಿನ ಜಗತ್ತು ಬೇರೆಯಾಗಿತ್ತು. ಬೆಂಗಳೂರಿನಲ್ಲಿ ಗಂಡಸರೇ ತುಂಬಿದ್ದ ಬಟ್ಟೆ ಗಿರಣಿಗಳು ಸೊರಗುತ್ತಿದ್ದ ಕಾಲಕ್ಕೆ ಗಾರ್ಮೆಂಟ್ಸ್ ಬೆಳೆದವು. ಹೊಲಿಗೆ ಯಂತ್ರದ ಮುಂದೆ ಕೂತವರಲ್ಲಿ ಬಹುಪಾಲು ಹೆಂಗಸರು. ಲೆಕ್ಕದ ಪುಸ್ತಕದಲ್ಲಿ 0.8 ಆಗಿ, ದುಡಿಮೆಯೇ ಇಲ್ಲದವಳಾಗಿ ಇದ್ದವಳು ಇಲ್ಲಿ ಬೆಳಿಗ್ಗೆ ಪಂಚ್ ಮಾಡಿ, ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್ ಹೊತ್ತು, ಅದೇ ಪುಸ್ತಕದಿಂದ ಬಂದ ಕನಿಷ್ಠ ವೇತನವನ್ನು ತಿಂಗಳ ಸಂಬಳವಾಗಿ ಪಡೆಯುತ್ತಾಳೆ. ವರ್ಷಗಟ್ಟಲೆ ದುಡಿದ ಮೇಲೂ ಹೆಚ್ಚಿನವರ ಸಂಬಳ ಆ ಕನಿಷ್ಠದ ಗೆರೆಯ ಮೇಲೆಯೇ ಆಡುತ್ತಿರುತ್ತದೆ. ನಮ್ಮ ಸಂಸಾರದ ಇಡೀ ವರ್ಷದ 72 ಗಜ, ಶರ್ಟಿಗೆ ಎರಡು ಗಜವೆಂದರೆ, 36 ಶರ್ಟಿನ ಬಟ್ಟೆ; ಅವಳು ಕೂತ ಲೈನಿಗೆ ಅದು ಗಂಟೆಯೊಳಗಿನ ಮಾತು.

ಅವಳ ಸಂಬಳಕ್ಕೆ ಪ್ರತಿ ಏಪ್ರಿಲ್ ಒಂದರಂದು ತುಟ್ಟಿಭತ್ಯೆ ಸೇರುತ್ತದೆ. ಗ್ರಾಹಕ ಬೆಲೆ ಸೂಚ್ಯಂಕ ಏರಿದ ಪ್ರತಿ ಅಂಶಕ್ಕೆ ದಿನಕ್ಕೆ ಇಷ್ಟು ಪೈಸೆ ಎಂಬ ಲೆಕ್ಕ ಅದು. ಪೈಸೆಯನ್ನು ಅಂಗಡಿಯವರು ಮರೆತು ಎಷ್ಟೋ ಕಾಲವಾಗಿದ್ದರೂ ಕಾರ್ಮಿಕ ಇಲಾಖೆ ಮರೆತಿಲ್ಲ. 2020ರ ಏಪ್ರಿಲ್‌ಗೆ ಗಾರ್ಮೆಂಟ್ಸ್ ಕಾರ್ಮಿಕರಿಗೆ ಸೇರಬೇಕಿದ್ದದ್ದು ತಿಂಗಳಿಗೆ 417 ರೂಪಾಯಿ 60 ಪೈಸೆ. ಕೋವಿಡ್ ಕಾರಣ ಹೇಳಿ ರಾಜ್ಯ ಸರ್ಕಾರ ಅದನ್ನು ವರ್ಷದ ಮಟ್ಟಿಗೆ ಮುಂದೂಡಿತು. ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಆದರೂ ಅನೇಕರಿಗೆ ಬಾಕಿ ಕೈಸೇರಲು 2022ರವರೆಗೆ ಕಾಯಬೇಕಾಯಿತು. ಸಂಬಳದ ಚೀಟಿಯಲ್ಲಿ ಒಂದು ಸಾಲು ಅಷ್ಟೇ. ಆದರೆ ಸುಮಾರು ನಾಲ್ಕು ಲಕ್ಷ ಜನರ ಚೀಟಿಯಲ್ಲಿ.

ಕಡತದ ಸಂಸಾರವನ್ನು ದೊಡ್ಡದು ಮಾಡುವ ಪ್ರಯತ್ನವೂ ಒಮ್ಮೆ ನಡೆಯಿತು. ಕನಿಷ್ಠ ಕೂಲಿಯ ಲೆಕ್ಕವನ್ನು ಹೊಸದಾಗಿ ನೋಡಲು ಕೇಂದ್ರ ನೇಮಿಸಿದ್ದ ಅನೂಪ್ ಸತ್ಪತಿ ಸಮಿತಿ 2019ರ ಜನವರಿಯಲ್ಲಿ ವರದಿ ಕೊಟ್ಟು, ಮನೆಯನ್ನು 3.6 ಘಟಕವೆಂದು ಎಣಿಸಬೇಕು, ಕ್ಯಾಲೊರಿಯನ್ನು 2400ಕ್ಕೆ ಇಳಿಸಿ ಪ್ರೋಟೀನು ಕೊಬ್ಬುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದಿತು. ಆ ಪ್ರಕಾರ ರಾಷ್ಟ್ರೀಯ ಕನಿಷ್ಠ ಕೂಲಿ ದಿನಕ್ಕೆ 375 ರೂಪಾಯಿ ಬಂತು. ಹೊಸದಾಗಿ ಬಂದ ಆ 0.6 ಮೂರನೆಯ ಮಗುವೋ, ಇಷ್ಟು ವರ್ಷ ಊರಲ್ಲೇ ಉಳಿದಿದ್ದ ಅಜ್ಜಿಯೋ ಸಮಿತಿ ಹೇಳಿಲ್ಲ. ನಾನು ಅಜ್ಜಿಯೆಂದೇ ಭಾವಿಸಿಕೊಂಡೆ. ಆ ವರ್ಷ ಜುಲೈನಲ್ಲಿ ಕೇಂದ್ರವು ಅಲ್ಲಿಯವರೆಗಿನ 176 ರೂಪಾಯಿಯ ರಾಷ್ಟ್ರೀಯ ತಳಮಟ್ಟದ ಕೂಲಿಯನ್ನು 178ಕ್ಕೆ ಏರಿಸಿತು. ಮರುವರ್ಷದ ಕರಡು ನಿಯಮಗಳು ಮತ್ತೆ ಮೂರು ಘಟಕ, 2700 ಕ್ಯಾಲೊರಿಗೇ ಮರಳಿದವು. ಅಜ್ಜಿ ಒಂದೂವರೆ ವರ್ಷದೊಳಗೆ ಊರಿಗೆ ವಾಪಸಾದಳು.