ಕೊಂದವರು ಮರುದಿನ ಏನು ಮಾಡುತ್ತಾರೆ?

ಜಪಾನಿನ ಅನಿಮೇಷನ್ ಕಥೆಗಳಾದ ಅನಿಮೆಯ ವಿಷಯ ಬಂದಾಗಲೆಲ್ಲ ಅದರ ಅಭಿಮಾನಿಗಳು ಹೊಗಳಿಕೆಯಾಗಿ ಹೇಳುವ ಮಾತೊಂದಿದೆ: ಇಲ್ಲಿ ಪೂರ್ತಿ ಒಳ್ಳೆಯವರೂ ಇಲ್ಲ, ಪೂರ್ತಿ ಕೆಟ್ಟವರೂ ಇಲ್ಲ, ಎಲ್ಲರಿಗೂ ಅವರವರ ಕಾರಣಗಳಿವೆ. ಮಾತು ಸುಳ್ಳಲ್ಲ. ಆದರೆ ಅಷ್ಟಕ್ಕೇ ಒಂದು ಕೃತಿ ನೈತಿಕವಾಗಿ ಗಂಭೀರವಾದದ್ದು ಎಂದು ಒಪ್ಪಲು ನನಗೆ ಆಗುವುದಿಲ್ಲ. ಖಳನಿಗೆ ನೋವಿನ ಬಾಲ್ಯವೊಂದನ್ನು ಕಟ್ಟಿಕೊಟ್ಟರೆ ಕಾರಣ ಸಿಕ್ಕಿಬಿಡುತ್ತದೆ. ಎರಡು ಸಂಚಿಕೆಗಳಲ್ಲಿ ಆ ಕೆಲಸ ಮುಗಿಯುತ್ತದೆ. ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ. ನಾವು ಮೆಚ್ಚಿಕೊಂಡ ಪಾತ್ರವೇ ನಿರಪರಾಧಿಗಳನ್ನು ಕೊಂದಿದ್ದರೆ, ಆಮೇಲೆ ಆ ಮನುಷ್ಯ ಹೇಗೆ ಬದುಕುತ್ತಾನೆ, ಯಾರಿಗೆ ಉತ್ತರ ಕೊಡಬೇಕೆಂದು ತಿಳಿಯುತ್ತಾನೆ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನೋಡಿದಾಗ, ತತ್ತ್ವವನ್ನು ಉದ್ದುದ್ದ ಮಾತುಗಳಲ್ಲಿ ಹೇಳುವ ಎಷ್ಟೋ ಕೃತಿಗಳಿಗಿಂತ ಹಿರೋಮು ಅರಕಾವಾ ಅವರ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ನನಗೆ ದೊಡ್ಡದಾಗಿ ಕಾಣುತ್ತದೆ. (ಮುಂದಿನ ಬರಹದಲ್ಲಿ ಎರಡು ಕಥೆಗಳ ಕೊನೆಯ ಭಾಗಗಳೂ ಬರುತ್ತವೆ. ಇನ್ನೂ ಓದದವರು, ನೋಡದವರು ಗಮನಿಸಬೇಕು.)

2001ರಿಂದ 2010ರವರೆಗೆ ಹುಡುಗರ ಮಾಸಿಕವೊಂದರಲ್ಲಿ ಧಾರಾವಾಹಿಯಾಗಿ ಬಂದು 27 ಸಂಪುಟಗಳಾದ ಈ ಮಾಂಗಾ (ಜಪಾನಿನ ಚಿತ್ರಕಥೆ), ಮೇಲ್ನೋಟಕ್ಕೆ ಕಳೆದುಕೊಂಡ ದೇಹವನ್ನು ಮರಳಿ ಪಡೆಯಲು ಹೊರಟ ಅಣ್ಣತಮ್ಮಂದಿರ ಕಥೆ. ಅದರ ಹೊಟ್ಟೆಯಲ್ಲಿರುವುದು ಇಶ್ವಾಲ್ ಎಂಬ ನಾಡಿನ ನರಮೇಧ. ಅಮೆಸ್ಟ್ರಿಸ್ ಎಂಬ ಸೈನಿಕ ಆಡಳಿತದ ದೇಶದಲ್ಲಿ ಸೈನಿಕನೊಬ್ಬನ ಗುಂಡಿಗೆ ಇಶ್ವಾಲ್‌ನ ಮಗುವೊಂದು ಸಾಯುತ್ತದೆ, ಜನ ದಂಗೆ ಏಳುತ್ತಾರೆ, ವರ್ಷಗಟ್ಟಲೆ ಯುದ್ಧ ನಡೆಯುತ್ತದೆ, ಕೊನೆಗೆ ಆ ಜನರನ್ನು ಪೂರ್ತಿ ಅಳಿಸಿಹಾಕಬೇಕೆಂಬ ಆಜ್ಞೆ ಹೊರಡುತ್ತದೆ. ಸರ್ಕಾರದ ಸಂಬಳದಲ್ಲಿರುವ ರಸವಾದಿಗಳನ್ನು ಆಯುಧಗಳಂತೆ ಅಲ್ಲಿಗೆ ಕಳಿಸುತ್ತಾರೆ. ಬೆರಳು ಚಿಟಿಕೆ ಹೊಡೆದರೆ ಬೆಂಕಿ ಎಬ್ಬಿಸಬಲ್ಲ ರಾಯ್ ಮಸ್ಟಾಂಗ್ ಅವರಲ್ಲೊಬ್ಬ. ದೂರದಿಂದ ಗುರಿಯಿಟ್ಟು ಕೊಲ್ಲುವ ರಿಜಾ ಹಾಕೈ ಅದೇ ಸೈನ್ಯದ ಬಂದೂಕುಗಾರ್ತಿ.

ಈ ಯುದ್ಧವನ್ನು ಅರಕಾವಾ ಪೂರ್ತಿಯಾಗಿ ಬಿಡಿಸಿ ತೋರಿಸುವುದು 15ನೆಯ ಸಂಪುಟದಲ್ಲಿ. ಅಷ್ಟು ಹೊತ್ತಿಗೆ ಓದುಗರು ಮಸ್ಟಾಂಗ್‌ನ ತಮಾಷೆಗೆ ನಕ್ಕಿರುತ್ತಾರೆ, ಹಾಕೈಯ ನಿಷ್ಠೆಯನ್ನು ಮೆಚ್ಚಿರುತ್ತಾರೆ, ಇಬ್ಬರನ್ನೂ ತಮ್ಮವರೆಂದು ಒಪ್ಪಿಕೊಂಡಿರುತ್ತಾರೆ. ಆಮೇಲೆ ಅವರ ಕೈಯಲ್ಲಿರುವ ರಕ್ತವನ್ನು ತೋರಿಸಲಾಗುತ್ತದೆ. ಆ ಭಾಗದಲ್ಲಿ ಒಂದು ದೃಶ್ಯವಿದೆ. ಯುದ್ಧ ಮುಗಿದಿದೆ, ಗುಂಡೇಟು ತಿಂದು ದಾರಿಯ ಪಕ್ಕ ಬಿದ್ದಿದ್ದ ಇಶ್ವಾಲ್‌ನ ಮಗುವೊಂದನ್ನು ಹಾಕೈ ಒಬ್ಬಳೇ ಮಣ್ಣು ಮಾಡುತ್ತಿದ್ದಾಳೆ. ಮಸ್ಟಾಂಗ್‌ಗೆ ಬೆಂಕಿಯ ವಿದ್ಯೆ ಸಿಕ್ಕಿದ್ದು ಅವಳ ತಂದೆಯಿಂದ, ಅದರ ಗುಟ್ಟು ಹಚ್ಚೆಯಾಗಿ ಇರುವುದು ಅವಳ ಬೆನ್ನಿನ ಮೇಲೆ. ಇನ್ನೊಬ್ಬ ಬೆಂಕಿಯ ರಸವಾದಿ ಈ ಲೋಕದಲ್ಲಿ ಹುಟ್ಟಬಾರದು, ನನ್ನ ಬೆನ್ನನ್ನು ಸುಟ್ಟುಬಿಡಿ ಎಂದು ಅವಳು ಅವನನ್ನು ಕೇಳಿಕೊಳ್ಳುತ್ತಾಳೆ. ಪಶ್ಚಾತ್ತಾಪದ ಬಗ್ಗೆ ಭಾಷಣವಿಲ್ಲ. ತಾನು ಯಾವ ವಿದ್ಯೆಯನ್ನು ನಂಬಿ ಕೊಟ್ಟಳೋ ಅದರಿಂದ ಏನಾಯಿತು ಎಂಬುದನ್ನು ನೋಡಿದ ಮೇಲೆ, ತನ್ನ ಕೈಲಾದ ಕಡೆ ಆ ದಾರಿಯನ್ನು ಮುಚ್ಚುತ್ತಾಳೆ, ಅದರ ನೋವು ತನ್ನ ಮೈಮೇಲೇ ಬೀಳುವಂತೆ.

ಮುಂದೆ ಆ ಅಣ್ಣತಮ್ಮಂದಿರಲ್ಲಿ ಹಿರಿಯನಾದ ಹುಡುಗ ಎಡ್ವರ್ಡ್ ಅವಳನ್ನು ಮಸ್ಟಾಂಗ್‌ನ ಉದ್ದೇಶವೇನೆಂದು ಕೇಳಿದಾಗ ಬರುವ ಉತ್ತರವನ್ನು ಅಧಿಕಾರ ಹಿಡಿಯಬೇಕೆನ್ನುವ ಯಾವ ನಾಯಕನ ಬಾಯಲ್ಲೂ ನಾನು ಬೇರೆಡೆ ಕೇಳಿಲ್ಲ. ಮಸ್ಟಾಂಗ್ ದೇಶದ ಚುಕ್ಕಾಣಿ ಹಿಡಿಯಬೇಕು, ಸೈನಿಕ ಆಡಳಿತವನ್ನು ಕೆಡವಿ ಪ್ರಜಾಪ್ರಭುತ್ವ ತರಬೇಕು. ಅದು ಬಂದ ದಿನ ಇಶ್ವಾಲ್‌ನ ‘ವೀರರು’ ಯುದ್ಧಾಪರಾಧಿಗಳಾಗಿ ವಿಚಾರಣೆಗೆ ನಿಲ್ಲಬೇಕಾಗುತ್ತದೆ, ತಾವಿಬ್ಬರೂ ಅದಕ್ಕೆ ಸಿದ್ಧ. ರಾಜಕೀಯವಾಗಿ ಇದು ಬಹಳ ಆಳವಾದ ಮಾತು. ಹೊಸ ವ್ಯವಸ್ಥೆ ಸಾಚಾ ಹೌದೋ ಅಲ್ಲವೋ ಎಂಬುದಕ್ಕೆ, ಅದನ್ನು ಕಟ್ಟಿದವರನ್ನೇ ಅದು ಕಟಕಟೆಗೆ ಕರೆಯಬಲ್ಲದೇ ಎಂಬುದೇ ಪರೀಕ್ಷೆ ಎಂದು ಅರಕಾವಾ ಹೇಳುತ್ತಿದ್ದಾರೆ. ಈ ಭಾಗವನ್ನು ಬರೆಯುವ ಮುನ್ನ ಅವರು ಎರಡನೆಯ ಮಹಾಯುದ್ಧದಲ್ಲಿದ್ದ ಹಿರಿಯರನ್ನು ಕಂಡು ಮಾತನಾಡಿಸಿದ್ದರು. ಓದುವಾಗ ಅದು ಗೊತ್ತಾಗುತ್ತದೆ.

ನೊಂದವರ ಕಡೆಯಿಂದಲೂ ಅವರು ಇಷ್ಟೇ ಪ್ರಾಮಾಣಿಕವಾಗಿ ಬರೆಯುತ್ತಾರೆ. ಆ ಅಣ್ಣತಮ್ಮಂದಿರ ಬಾಲ್ಯದ ಗೆಳತಿ ವಿನ್ರಿಯ ತಂದೆತಾಯಿ ಯುದ್ಧದ ನಡುವೆಯೂ ಇಶ್ವಾಲ್‌ನ ಗಾಯಾಳುಗಳನ್ನು ಉಪಚರಿಸುತ್ತಿದ್ದ ವೈದ್ಯರು. ಅವರ ಆರೈಕೆಯಲ್ಲಿ ಬದುಕುಳಿದ ಸ್ಕಾರ್ ಎಂಬ ಇಶ್ವಾಲ್‌ನವನು, ತನ್ನವರೆಲ್ಲ ಸತ್ತ ಹುಚ್ಚಿನಲ್ಲಿ ಆ ಇಬ್ಬರನ್ನೂ ಕೊಲ್ಲುತ್ತಾನೆ. ಎಷ್ಟೋ ಕಾಲದ ಮೇಲೆ ಗಾಯಗೊಂಡು ಸೆರೆಸಿಕ್ಕ ಅವನ ತೋಳಿಗೆ ವಿನ್ರಿ ಬಟ್ಟೆ ಕಟ್ಟುತ್ತಾಳೆ, ಅಪ್ಪಅಮ್ಮ ಇದ್ದಿದ್ದರೆ ಇದನ್ನೇ ಮಾಡುತ್ತಿದ್ದರು ಎಂಬ ಕಾರಣಕ್ಕೆ. ಕ್ಷಮಿಸಿದೆಯಾ ಎಂದು ಅವನು ಕೇಳಿದರೆ, ಆ ಅನ್ಯಾಯವನ್ನು ತಾನು ಕ್ಷಮಿಸಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತಾಳೆ. ಸೇಡು ಬೇಡವೆನ್ನುವ ಕಥೆಗಳು ಸಾಮಾನ್ಯವಾಗಿ ನೊಂದವರಿಂದ ಕ್ಷಮೆಯನ್ನೂ ವಸೂಲಿ ಮಾಡುತ್ತವೆ. ಇಲ್ಲಿ ಆ ಬಲವಂತವಿಲ್ಲ.

ಇದನ್ನು ಹಜಿಮೆ ಇಸಾಯಾಮಾ ಅವರ ‘ಅಟ್ಯಾಕ್ ಆನ್ ಟೈಟನ್’ ಜೊತೆ ಇಟ್ಟು ನೋಡಬೇಕು. ಮನುಷ್ಯರನ್ನು ತಿನ್ನುವ ದೈತ್ಯರಿಗೆ ಹೆದರಿ ಎತ್ತರದ ಗೋಡೆಗಳೊಳಗೆ ಬದುಕುವ ಜನರ ಕಥೆ ಅದು. ಅದರ ನಡುಭಾಗ ನಿಜಕ್ಕೂ ದೊಡ್ಡ ಸಾಧನೆ. ಗೋಡೆಯಾಚೆಯ ರಾಕ್ಷಸರೆಂದು ನಾವು ನಂಬಿದ್ದವರು ಲಿಬೇರಿಯೋ ಎಂಬ ಕೇರಿಯ ಬೇಲಿಯೊಳಗೆ, ತೋಳಿಗೆ ಪಟ್ಟಿ ಕಟ್ಟಿಕೊಂಡು ಬದುಕುತ್ತಿರುವ ಮಕ್ಕಳೆಂದು ತಿಳಿದಾಗ ಇಡೀ ಕಥೆ ತಲೆಕೆಳಗಾಗುತ್ತದೆ. ತನ್ನ ಮಗಳು ಸಾಶಾಳನ್ನು ಕೊಂದ, ಆ ಕೇರಿಯ ಹುಡುಗಿ ಗಾಬಿ ಎದುರಿಗೇ ಇರುವಾಗ, ಕೈಗೆ ಕೊಟ್ಟ ಚಾಕುವನ್ನು ತಂದೆ ಬಳಸುವುದಿಲ್ಲ. ಮಕ್ಕಳನ್ನಾದರೂ ಈ ದ್ವೇಷದ ಕಾಡಿನಿಂದ ಹೊರಗೆ ತರಬೇಕು, ಇಲ್ಲದಿದ್ದರೆ ಇದೇ ಮತ್ತೆ ಮತ್ತೆ ನಡೆಯುತ್ತದೆ ಎನ್ನುತ್ತಾನೆ. ಇಷ್ಟನ್ನು ಬರೆಯಬಲ್ಲ ಲೇಖಕ ಕೊನೆಯಲ್ಲಿ ಏಕೆ ಎಡವಿದರು ಎಂಬುದೇ ನನ್ನ ಸಂಕಟ. ಕಥಾನಾಯಕ ಎರೆನ್ ಲೋಕದ ನೂರಕ್ಕೆ 80ರಷ್ಟು ಜನರನ್ನು ದೈತ್ಯರಿಂದ ತುಳಿಸಿ ಸಾಯಿಸಿದ ಮೇಲೆ, 2021ರಲ್ಲಿ ಬಂದ ಕೊನೆಯ ಅಧ್ಯಾಯದಲ್ಲಿ ಗೆಳೆಯ ಆರ್ಮಿನ್ ಅವನಿಗೆ ಧನ್ಯವಾದ ಹೇಳುತ್ತಾನೆ, ನಮಗಾಗಿ ನೀನು ಕೊಲೆಗಡುಕನಾದೆ ಎಂದು. ಸತ್ತವರ ಪರವಾಗಿ ಮಾತನಾಡುವವರು ಆ ಪುಟದಲ್ಲಿ ಯಾರೂ ಇಲ್ಲ. 2023ರ ನವೆಂಬರಿನಲ್ಲಿ ಬಂದ ಅನಿಮೆಯ ಕೊನೆಯ ಸಂಚಿಕೆಯಲ್ಲಿ ಈ ಸಂಭಾಷಣೆಯನ್ನು ತಿದ್ದಿದ್ದಾರೆ. ಅಲ್ಲಿ ಆರ್ಮಿನ್ ತಪ್ಪಿನಲ್ಲಿ ತನ್ನ ಪಾಲನ್ನೂ ಒಪ್ಪಿಕೊಂಡು, ನರಕದಲ್ಲಿ ಇಬ್ಬರೂ ಜೊತೆಗಿರುತ್ತೇವೆ ಎನ್ನುತ್ತಾನೆ. ತಿದ್ದುಪಡಿ ಸ್ವಾಗತಾರ್ಹ, ಆದರೆ ಅಲ್ಲೂ ಶಿಕ್ಷೆ ಪರಲೋಕಕ್ಕೆ ಹೋಯಿತು. ಎರೆನ್ ಮಾಡಿದ್ದೇ ಸರಿ ಎಂದು ಇಂದಿಗೂ ವಾದಿಸುವ ಹುಡುಗರಿಗೆ ಕಥೆ ಉತ್ತರವನ್ನು ಗಟ್ಟಿಯಾಗಿ ಕೊಡಲಿಲ್ಲ ಎಂಬ ದೂರು ನನ್ನದು.

ಈ ಪ್ರಶ್ನೆ ಜಪಾನಿನ ಮಾಂಗಾಕ್ಕೆ ಹೊಸದೇನಲ್ಲ. ಆರು ವರ್ಷದ ಬಾಲಕನಾಗಿ ಹಿರೋಶಿಮಾದ ಬಾಂಬಿನಲ್ಲಿ ತಂದೆ, ಅಕ್ಕ, ತಮ್ಮನನ್ನು ಕಳೆದುಕೊಂಡ ಕೇಜಿ ನಕಜಾವಾ 1973ರಲ್ಲಿ ‘ಬೇರ್‌ಫುಟ್ ಗೆನ್’ ಆರಂಭಿಸಿದಾಗ, ಬಾಂಬ್ ಹಾಕಿದವರನ್ನಷ್ಟೇ ದೂರಿ ಸುಮ್ಮನಾಗಲಿಲ್ಲ. ಯುದ್ಧವನ್ನು ವಿರೋಧಿಸುವ ಗೆನ್‌ನ ತಂದೆಯನ್ನು ನೆರೆಹೊರೆಯವರೇ ದೇಶದ್ರೋಹಿ ಎಂದು ಹಿಂಸಿಸುವುದನ್ನು, ಕೊರಿಯಾದವನೆಂಬ ಕಾರಣಕ್ಕೆ ಪಕ್ಕದ ಮನೆಯ ಪಾಕ್ ಅನುಭವಿಸುವ ಅವಮಾನವನ್ನು, ಜಪಾನಿನ ಸೈನ್ಯ ಏಷ್ಯಾದಲ್ಲಿ ಮಾಡಿದ ಕ್ರೌರ್ಯವನ್ನು ಅವರು ಬರೆದರು. 2012ರ ಕೊನೆಯಲ್ಲಿ ಮತ್ಸುಎ ನಗರದ ಶಿಕ್ಷಣ ಮಂಡಳಿ ಈ ಪುಸ್ತಕವನ್ನು ಮಕ್ಕಳು ಮುಕ್ತವಾಗಿ ಎತ್ತಿಕೊಳ್ಳದಂತೆ ಶಾಲಾ ಗ್ರಂಥಾಲಯಗಳಲ್ಲಿ ನಿರ್ಬಂಧಿಸಿದ್ದು ಆ ಸೈನಿಕರ ಕ್ರೌರ್ಯದ ಚಿತ್ರಗಳ ಕಾರಣಕ್ಕೆ. ಜನರ ಆಕ್ಷೇಪದ ನಂತರ 2013ರ ಆಗಸ್ಟ್‌ನಲ್ಲಿ ಅದನ್ನು ಹಿಂತೆಗೆದುಕೊಂಡರು. ಬಾಂಬಿನಲ್ಲಿ ಬೆಂದ ದೇಹಗಳನ್ನು ನೋಡುವುದಕ್ಕಿಂತ ತಮ್ಮವರೇ ಕತ್ತಿ ಹಿಡಿದಿರುವುದನ್ನು ನೋಡುವುದು ಒಂದು ಸಮಾಜಕ್ಕೆ ಕಷ್ಟ. ಅರಕಾವಾ ತಮ್ಮ ಅತ್ಯಂತ ಜನಪ್ರಿಯ ಪಾತ್ರಗಳ ಕೈಗೇ ಆ ಕತ್ತಿಯನ್ನು ಕೊಟ್ಟದ್ದನ್ನು ನಾನು ಈ ಹಿನ್ನೆಲೆಯಲ್ಲೇ ಗೌರವಿಸುತ್ತೇನೆ.

ಹಾಗೆಂದು ಅವರ ಕೃತಿಗೆ ಬೇರೆ ಅಳತೆಗೋಲು ಹಿಡಿಯಲಾರೆ. ಹಾಕೈ ಹೇಳಿದ ಆ ವಿಚಾರಣೆ ಕಥೆಯಲ್ಲಿ ನಡೆಯುವುದೇ ಇಲ್ಲ. ಕೊನೆಯಲ್ಲಿ ಕುರುಡನಾದ ಮಸ್ಟಾಂಗ್‌ಗೆ ದೃಷ್ಟಿ ಮರಳಲು ವೈದ್ಯ ಮಾರ್ಕೊ ಒಂದು ಮಾಯಾಶಕ್ತಿಯ ಕಲ್ಲನ್ನು ಕೊಡಲು ಮುಂದಾಗುತ್ತಾನೆ. ಅದು ಇಶ್ವಾಲ್‌ನ ಜನರ ಜೀವಗಳನ್ನೇ ಕರಗಿಸಿ ಮಾಡಿದ್ದು. ಇಶ್ವಾಲ್‌ನವರು ತಮ್ಮ ನೆಲಕ್ಕೆ ಮರಳುವಂತಾಗಬೇಕು ಎಂಬುದು ಅವನ ಷರತ್ತು, ಮಸ್ಟಾಂಗ್ ಒಪ್ಪುತ್ತಾನೆ, ಸ್ಕಾರ್ ಕೂಡ ಪುನರ್ನಿರ್ಮಾಣಕ್ಕೆ ಕೈಜೋಡಿಸುತ್ತಾನೆ. ಆದರೂ ಅವರನ್ನು ಸುಟ್ಟವನ ಕಣ್ಣಿಗೆ ಅವರ ಜೀವವೇ ಮದ್ದಾಗಬಹುದೇ ಎಂದು ಉಳಿದ ಇಶ್ವಾಲ್‌ನವರನ್ನು ಯಾರೂ ಕೇಳುವುದಿಲ್ಲ. ಅರಕಾವಾ ಇನ್ನೊಂದು ಸಂಪುಟ ಬರೆದು ಆ ನ್ಯಾಯಾಲಯವನ್ನು ಕೂರಿಸಿದ್ದರೆ, ಸಾಕ್ಷಿ ಹೇಳಲು ಮೊದಲು ಯಾರು ಎದ್ದು ಬರುತ್ತಿದ್ದರು, ಮಸ್ಟಾಂಗ್ ಅವರಿಗೆ ಏನು ಹೇಳುತ್ತಿದ್ದ ಎಂಬುದನ್ನು ಓದಬೇಕೆಂಬ ಆಸೆ ನನಗೆ ಈಗಲೂ ಇದೆ.