ಊರಿನ ಪೊಲೀಸರನ್ನು ಊರಿನವರೇ ನೋಡಿಕೊಳ್ಳಲಿ ಎನ್ನುವವರಿಗೆ

ನಿನ್ನೆ ಸ್ನೇಹಿತರ ಮನೆಯ ಊಟದಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದ ಪೊಲೀಸರ ಮಾತು ಬಂದಾಗ ಹಿರಿಯರೊಬ್ಬರು, "ಊರಿನ ಪೊಲೀಸರನ್ನು ಊರಿನವರು ನೋಡಿಕೊಳ್ಳುತ್ತಾರೆ, ವಾಷಿಂಗ್ಟನ್ನಿನವರಿಗೆ ಅಲ್ಲೇನು ಕೆಲಸ?" ಎಂದರು. ವಯಸ್ಸಿಗೆ ಮರ್ಯಾದೆ ಕೊಟ್ಟು ಅಲ್ಲಿ ಸುಮ್ಮನಿದ್ದೆ. ರಾತ್ರಿಯಿಡೀ ಅದೇ ಮಾತು ಕೊರೆಯುತ್ತಿದೆ.

2020ರಲ್ಲಿ ಅಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿಯನ್ನು ಕೊಂದದ್ದು ಒಬ್ಬ ಪೊಲೀಸ್ ಅಧಿಕಾರಿಯ ಮೊಣಕಾಲು. ಆದರೆ ಅತಿಯಾದ ಬಲಪ್ರಯೋಗವೂ ಜನಾಂಗೀಯ ತಾರತಮ್ಯವೂ ಆ ಇಲಾಖೆಯ ರೂಢಿಯೇ ಆಗಿದ್ದವೆಂದು ಅಮೆರಿಕದ ಕೇಂದ್ರ ಸರ್ಕಾರದ ನ್ಯಾಯ ಇಲಾಖೆ ಎರಡು ವರ್ಷಕ್ಕೂ ಹೆಚ್ಚು ಕಾಲ ತನಿಖೆ ಮಾಡಿ 2023ರ ಜೂನ್‌ನಲ್ಲಿ ವರದಿ ಕೊಟ್ಟಿತು. 2025ರ ಜನವರಿಯಲ್ಲಿ ನ್ಯಾಯಾಲಯದ ಮೂಲಕ ಜಾರಿಯಾಗುವ ಒಪ್ಪಂದಕ್ಕೆ, ಅಂದರೆ ಕನ್ಸೆಂಟ್ ಡಿಕ್ರಿಗೆ, ನಗರವೇ ಒಪ್ಪಿತು. ಅದರಂತೆ ಸುಧಾರಣೆಯು ಸ್ವತಂತ್ರ ಮೇಲ್ವಿಚಾರಕರ ನಿಗಾದಲ್ಲಿ, ನ್ಯಾಯಾಧೀಶರಿಗೆ ಉತ್ತರ ಹೇಳುತ್ತಾ ನಡೆಯಬೇಕಿತ್ತು. ಫ್ಲಾಯ್ಡ್ ಸತ್ತು ಐದು ವರ್ಷ ತುಂಬಲು ನಾಲ್ಕೇ ದಿನ ಇರುವಾಗ, ಟ್ರಂಪ್ ಅವರ ಹೊಸ ಆಡಳಿತದ ಅದೇ ನ್ಯಾಯ ಇಲಾಖೆ ಈ ಒಪ್ಪಂದಕ್ಕಾಗಿ ಹೂಡಿದ್ದ ಮೊಕದ್ದಮೆಯನ್ನು ಕೈಬಿಡಲು ಮುಂದಾಯಿತು. ಅದೇ ದಿನ ಲೂಯಿವಿಲ್ ನಗರದ ಪೊಲೀಸರ ಕುರಿತ ಅಂಥದೇ ಮೊಕದ್ದಮೆಯನ್ನೂ.

ಊರಿನವರು ನೋಡಿಕೊಂಡ ಬಗೆ ನಮಗೆ ಗೊತ್ತಿಲ್ಲವೇ? ಲಾಸ್ ಏಂಜಲೀಸ್‌ನಲ್ಲಿ ರಾಡ್ನಿ ಕಿಂಗ್ ಎಂಬ ಕಪ್ಪು ವ್ಯಕ್ತಿಯನ್ನು ಪೊಲೀಸರು ಬಡಿಯುವುದನ್ನು 1991ರಲ್ಲಿ ಇಡೀ ದೇಶ ವಿಡಿಯೊದಲ್ಲಿ ನೋಡಿತ್ತು. ಹಾಗಿದ್ದೂ 1992ರಲ್ಲಿ ರಾಜ್ಯ ನ್ಯಾಯಾಲಯದ ಜೂರಿ ಯಾರನ್ನೂ ತಪ್ಪಿತಸ್ಥರೆನ್ನಲಿಲ್ಲ. ಇಬ್ಬರಿಗೆ ಶಿಕ್ಷೆಯಾದದ್ದು ಮರುವರ್ಷ, ಫೆಡರಲ್ ಅಂದರೆ ಕೇಂದ್ರದ ನ್ಯಾಯಾಲಯದಲ್ಲಿ. ಇಡೀ ಇಲಾಖೆಯ ರೂಢಿಯನ್ನೇ ಪ್ರಶ್ನಿಸುವ ಅಧಿಕಾರವನ್ನು ನ್ಯಾಯ ಇಲಾಖೆಗೆ ಕೊಟ್ಟ 1994ರ ಕಾನೂನು ಹುಟ್ಟಿದ್ದು ಆ ನೋವಿನಿಂದ. ಮಿಸೌರಿ ರಾಜ್ಯದ ಫರ್ಗುಸನ್‌ನಲ್ಲಿ ಜನಸಂಖ್ಯೆಯ ಶೇ. 67ರಷ್ಟಿದ್ದ ಕಪ್ಪು ಜನರು ಬಂಧಿತರಲ್ಲಿ ಶೇ. 93ರಷ್ಟಿದ್ದರು, ದಂಡದ ಹಣದಿಂದ ಬೊಕ್ಕಸ ತುಂಬಿಸಿರೆಂದು ಪೊಲೀಸರನ್ನು ಒತ್ತಾಯಿಸುತ್ತಿದ್ದವರು ಅದೇ ಊರಿನ ಆಡಳಿತಗಾರರು.

ನಿಗಾ ವ್ಯವಸ್ಥೆಗೆ ಖರ್ಚು ಬಹಳ, ವರ್ಷಗಟ್ಟಲೆ ಮುಗಿಯುವುದಿಲ್ಲ ಎಂಬ ವಾದವಿದೆ. ನಿಜ, 2012ರಲ್ಲಿ ಆರಂಭವಾದ ಸಿಯಾಟಲ್‌ನದ್ದು ಮುಗಿದದ್ದು 2025ರಲ್ಲಿ. ದಶಕಗಳ ರೂಢಿ ಒಂದೆರಡು ವರ್ಷದಲ್ಲಿ ಹೋಗುತ್ತದೆಯೆಂದು ಹೇಳಿದವರು ಯಾರು?

ಇದು ನಮಗೆ ಸಂಬಂಧಿಸಿದ್ದಲ್ಲ ಎಂದು ನಾನೂ ಒಂದು ಕಾಲದಲ್ಲಿ ನಂಬಿದ್ದೆ. 2015ರ ಫೆಬ್ರವರಿಯಲ್ಲಿ ಮೊಮ್ಮಗನನ್ನು ನೋಡಿಕೊಳ್ಳಲೆಂದು ಗುಜರಾತಿನಿಂದ ಬಂದಿದ್ದ 57 ವರ್ಷದ ಅಜ್ಜನೊಬ್ಬರು ಅಲಬಾಮಾದ ಮ್ಯಾಡಿಸನ್‌ನಲ್ಲಿ ಮಗನ ಮನೆಯ ಹತ್ತಿರದ ರಸ್ತೆಯಲ್ಲಿ ನಡೆಯುತ್ತಿದ್ದಾಗ ಪೊಲೀಸನೊಬ್ಬ ನೆಲಕ್ಕೆ ಕೆಡವಿದ. ಅವರ ದೇಹ ಭಾಗಶಃ ಸ್ವಾಧೀನ ಕಳೆದುಕೊಂಡಿತು. ಆಗ ಅಪ್ಪ ನಮ್ಮ ಮನೆಯಲ್ಲಿದ್ದರು. ನಾನು ಮಾಡಿದ್ದಿಷ್ಟೇ: ಅವರ ಬೆಳಗಿನ ವಾಕಿಂಗ್ ನಿಲ್ಲಿಸಿದೆ, ವಿಳಾಸ ಬರೆದ ಚೀಟಿಯೊಂದನ್ನು ಅಂಗಿಯ ಜೇಬಿಗೆ ಹಾಕಿದೆ. ಆ ಪೊಲೀಸನ ಮೇಲಿನ ಫೆಡರಲ್ ಮೊಕದ್ದಮೆಯಲ್ಲಿ ಎರಡು ಬಾರಿ ಜೂರಿ ಒಮ್ಮತಕ್ಕೆ ಬರಲಿಲ್ಲ. 2016ರಲ್ಲಿ ನ್ಯಾಯಾಧೀಶರು ಆತನನ್ನು ಖುಲಾಸೆ ಮಾಡಿದರು. ಒಬ್ಬೊಬ್ಬ ಪೊಲೀಸನನ್ನು ಶಿಕ್ಷಿಸುವ ದಾರಿ ಎಷ್ಟು ಕಿರಿದೆಂದು ನನಗೆ ಅರ್ಥವಾದದ್ದು ಆಗಲೇ.

1994ರ ಕಾನೂನು ಇಂದಿಗೂ ರದ್ದಾಗಿಲ್ಲ. ಆದರೆ ಅದರಡಿ ಮೊಕದ್ದಮೆ ಹೂಡಬಲ್ಲದ್ದು ನ್ಯಾಯ ಇಲಾಖೆ ಮಾತ್ರ, ನೊಂದವರು ಹೂಡುವಂತಿಲ್ಲ. ಆ ಇಲಾಖೆಯೇ ಹಿಂದೆ ಸರಿದರೆ ಯಾರ ಬಾಗಿಲಿಗೆ ಹೋಗಬೇಕೆಂದು ನಿನ್ನೆ ಆ ಹಿರಿಯರನ್ನು ಕೇಳಬೇಕಿತ್ತು. ಬರುವ ತಿಂಗಳು ಅಪ್ಪ ಮತ್ತೆ ಬರುತ್ತಿದ್ದಾರೆ.