ದೊಡ್ಡಪ್ಪನ ತೋಟ ಎಷ್ಟು ಎಕರೆ?

ಅಕ್ಟೋಬರ್‌ನ ಒಂದು ಗುರುವಾರ ಸಂಜೆ ಮಗಳು ಇಲ್ಲಿನ, ಅಂದರೆ ನೆದರ್ಲೆಂಡ್ಸ್‌ನ, ಮಾಸ್ಟ್ರಿಕ್ಟ್‌ನಿಂದ ಫೋನ್ ಮಾಡಿದಳು. ಬಾಡಿಗೆ ವಿಚಾರವೋ ಸಾರಿನ ಪುಡಿ ಮುಗಿಯಿತೋ ಅಂದುಕೊಂಡು ಎತ್ತಿದೆ. "ಅಪ್ಪಾ, ದೊಡ್ಡಪ್ಪನ ತೋಟ ಎಷ್ಟು ಎಕರೆ?" ಅಂದಳು.

"ಎಂಟು. ಯಾಕವ್ವಾ?"

"ಹಾಗಾದ್ರೆ ನಾಲ್ಕು ಹೆಕ್ಟೇರ್ ಒಳಗೇ ಬರುತ್ತೆ. ಒಂದೇ ಪಾಯಿಂಟ್ ಕೊಟ್ರೆ ಸಾಕು, ಸುತ್ತಲೂ ಗಡಿ ಗುರುತಿಸೋದು ಬೇಡ. ಪಹಣಿ ಯಾರ ಹೆಸರಲ್ಲಿದೆ?"

ಐಂಡ್‌ಹೋವನ್‌ನಲ್ಲಿ ಹುಟ್ಟಿ ಬೆಳೆದ ಹುಡುಗಿ. ಬೇಸಿಗೆ ರಜೆಗೆ ಸಕಲೇಶಪುರಕ್ಕೆ ಹೋದರೆ ಜಿಗಣೆಗೆ ಹೆದರಿ ತೋಟಕ್ಕೆ ಇಳಿಯದವಳು. ಅವಳ ಬಾಯಲ್ಲಿ 'ಪಹಣಿ' ಎಂಬ ಮಾತು ಕೇಳಿ ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ.

ಸೆಪ್ಟೆಂಬರ್‌ನಲ್ಲಿ ಅವಳು ಮಾಸ್ಟ್ರಿಕ್ಟ್ ಯೂನಿವರ್ಸಿಟಿಯಲ್ಲಿ ಅಂತರರಾಷ್ಟ್ರೀಯ ವ್ಯಾಪಾರದ ಡಿಗ್ರಿಗೆ ಸೇರಿದಳು. 1976ರಲ್ಲಿ ಶುರುವಾದಾಗಿನಿಂದಲೂ ಆ ಯೂನಿವರ್ಸಿಟಿಯ ಕ್ರಮವೇ ಬೇರೆ. ಹದಿನೈದರ ಆಸುಪಾಸು ಮಕ್ಕಳು ಒಂದು ಮೇಜಿನ ಸುತ್ತ ಕೂರುತ್ತಾರೆ. ಅವರ ಮುಂದೆ ಒಂದು ಸಮಸ್ಯೆ ಇಡುತ್ತಾರೆ. ಒಬ್ಬರು ಚರ್ಚೆ ನಡೆಸುತ್ತಾರೆ, ಇನ್ನೊಬ್ಬರು ಬೋರ್ಡಿನ ಮೇಲೆ ಬರೆಯುತ್ತಾರೆ. ನಮಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂದು ಮೊದಲು ಅವರೇ ಪಟ್ಟಿ ಮಾಡಬೇಕು. ಆಮೇಲೆ ಪುಸ್ತಕ ತೆರೆದು ಓದಿ, ಮುಂದಿನ ಸಲ ಬಂದು ಹೇಳಬೇಕು. ಮೇಷ್ಟ್ರು ಪಕ್ಕದಲ್ಲಿ ಕೂತು ಕೇಳುತ್ತಿರುತ್ತಾರೆ. ಚರ್ಚೆ ದಾರಿ ತಪ್ಪಿದರೆ ಮಾತ್ರ ಬಾಯಿ ಬಿಡುತ್ತಾರೆ.

ಆ ವಾರದ ಸಮಸ್ಯೆ ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ಕಾನೂನು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರ್ ಇಲ್ಲಿಗೆ ಬರುವ ಹಾಗಿಲ್ಲ. ಬೆಳೆದ ಜಾಗದ ಅಕ್ಷಾಂಶ, ರೇಖಾಂಶ ಕೊಡಬೇಕು, ದಶಮಾಂಶ ಬಿಂದುವಿನ ನಂತರ ಆರು ಅಂಕಿ. ಜಾಗ ನಾಲ್ಕು ಹೆಕ್ಟೇರ್ ದಾಟಿದರೆ ಇಡೀ ಗಡಿಯ ನಕ್ಷೆ. ಇದರ ಜಾರಿ ಒಂದಕ್ಕಿಂತ ಹೆಚ್ಚು ಸಲ ಮುಂದೆ ಹೋಗಿದೆ, ಅದು ಬೇರೆ ಮಾತು. ಮೇಜಿನ ಸುತ್ತ ಜರ್ಮನ್, ಡಚ್, ಇಟಾಲಿಯನ್ ಮಕ್ಕಳು ಕಾಡು ಉಳಿಯಲೇಬೇಕು ಎಂದರಂತೆ. ನನ್ನ ಮಗಳು ಎದ್ದು, ನಮ್ಮ ದೊಡ್ಡಪ್ಪನ ಕಾಫಿ ಮರದ ನೆರಳಲ್ಲೇ ಬೆಳೆಯುತ್ತದೆ, ಕಾಡು ಕಡಿದಿಲ್ಲ, ಆದರೆ ಅದನ್ನು ತೋರಿಸುವ ಕಾಗದ ಅವರ ಹತ್ತಿರ ಇದೆಯೋ ಇಲ್ಲವೋ ಕೇಳಬೇಕು ಎಂದಳಂತೆ. ಅಷ್ಟಕ್ಕೇ ಮುಂದಿನ ವಾರದ ಓದು ಅವಳ ಪಾಲಿಗೆ ಬಂತು.

ಪಹಣಿ ಇನ್ನೂ ಜಂಟಿ ಖಾತೆಯಲ್ಲಿದೆ, ಪೋಡಿ ಆಗಿಲ್ಲ, ಅಂದರೆ ಒಬ್ಬೊಬ್ಬರ ಪಾಲು ಅಳೆದು ಬೇರೆ ಮಾಡಿಲ್ಲ ಎಂದೆ. ಹಾಗೆಂದರೇನು ಎಂದು ಕೇಳಿದಳು. ಅರ್ಧ ಗಂಟೆ ವಿವರಿಸಿದೆ. ಅವಳು ಬರೆದುಕೊಂಡಳು.

ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ. ನಾನೂ ಇದನ್ನೇ ಓದಿದವನು. ಬಿ.ಕಾಂ. ಕೊನೆಯ ವರ್ಷ, 1994-95, ನಮ್ಮ ಜಿಲ್ಲೆಯದೇ ಒಂದು ಕಾಲೇಜು. ಅಂತರರಾಷ್ಟ್ರೀಯ ವ್ಯಾಪಾರದ ಅಧ್ಯಾಯವನ್ನು ಮೇಷ್ಟ್ರು ಡಿಕ್ಟೇಟ್ ಮಾಡಿದರು, ನಾವು ಬರೆದುಕೊಂಡೆವು. ಯಾವ ದೇಶ ಏನು ಮಾಡಿ ಮಾರಿದರೆ ಲಾಭ ಎಂದು ಲೆಕ್ಕ ಹಾಕಿದ ಅರ್ಥಶಾಸ್ತ್ರಜ್ಞ ರಿಕಾರ್ಡೋ, 1817. ಪೋರ್ಚುಗಲ್‌ನಲ್ಲಿ ವೈನ್‌ಗೆ 80 ಆಳು, ಬಟ್ಟೆಗೆ 90. ಇಂಗ್ಲೆಂಡ್‌ನಲ್ಲಿ ವೈನ್‌ಗೆ 120, ಬಟ್ಟೆಗೆ 100. ಹತ್ತು ಮಾರ್ಕಿಗೆ ಗ್ಯಾರಂಟಿ ಬರುವ ಪ್ರಶ್ನೆ. ಮೂವತ್ತು ವರ್ಷ ಆಯಿತು, ನಡುರಾತ್ರಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ಆ ವರ್ಷ ನಮ್ಮ ಕಿಟಕಿಯ ಆಚೆ ಏನು ನಡೆಯುತ್ತಿತ್ತು? 1994ರ ಜೂನ್, ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಅಲ್ಲಿನ ಕಾಫಿ ಗಿಡ ಸುಟ್ಟುಹೋಯಿತು. ಕಾಫಿಯ ದರ ಎಲ್ಲೆಡೆ ಏರಿತು. ಅದೇ ಹೊತ್ತಿಗೆ ಸಣ್ಣ ಬೆಳೆಗಾರರಿಗೆ ಕಾಫಿ ಬೋರ್ಡಿನ ಪೂಲ್‌ನಿಂದ ಬಿಡುಗಡೆ ಸಿಕ್ಕಿತ್ತು. ಅಲ್ಲಿಯವರೆಗೆ ಬೆಳೆದದ್ದನ್ನು ಬೋರ್ಡಿಗೆ ಕೊಟ್ಟು, ಕಂತಿನಲ್ಲಿ ದುಡ್ಡು ಬರುವುದನ್ನು ವರ್ಷಗಟ್ಟಲೆ ಕಾಯುತ್ತಿದ್ದ ನಮ್ಮಪ್ಪ ಆ ಸಲ ಚೆರ್ರಿಯನ್ನು, ಅಂದರೆ ಒಣಗಿಸಿದ ಕಾಫಿ ಹಣ್ಣನ್ನು, ಕಣದಲ್ಲೇ ವ್ಯಾಪಾರಿಗೆ ಮಾರಿ ನೋಟು ಎಣಿಸಿಕೊಂಡರು. ಸೊಸೈಟಿ ಸಾಲ ತೀರಿತು. ಅಕ್ಕನ ಮದುವೆಯಾಯಿತು. ಪಕ್ಕದ ತೋಟದವರು ಮಾರುತಿ ಕಾರು ತಂದರು. ಕಾಲೇಜಿನ ಮುಂದೆಯೇ ಕಾಫಿ ಮೂಟೆ ಹೊತ್ತ ಲಾರಿಗಳು ಮಂಗಳೂರಿನ ಕಡೆಗೆ ಇಳಿಯುತ್ತಿದ್ದವು. ತರಗತಿಯಲ್ಲಿ ಅರ್ಧಕ್ಕರ್ಧ ಹುಡುಗರು ಬೆಳೆಗಾರರ ಮಕ್ಕಳೇ.

ಒಬ್ಬ ಗೆಳೆಯ ಎದ್ದು ನಿಂತು ಕೇಳಿದ: "ಸಾರ್, ಬ್ರೆಜಿಲ್‌ನಲ್ಲಿ ಗಿಡ ಸುಟ್ರೆ ನಮ್ಮ ಕಾಫಿಗೆ ಯಾಕ್ ಸಾರ್ ರೇಟು ಏರುತ್ತೆ?"

"ಅದು ಸಿಲಬಸ್‌ನಲ್ಲಿಲ್ಲ. ಕೂತ್ಕೊ."

ಅವನು ಕೂತ. ನಾವೆಲ್ಲ ವೈನ್ ಮತ್ತು ಬಟ್ಟೆ ಬರೆದುಕೊಂಡೆವು. ಪೋರ್ಚುಗಲ್ ಎಲ್ಲಿದೆ ಎಂದು ನಮ್ಮಲ್ಲಿ ಯಾರೂ ನಕಾಶೆಯಲ್ಲಿ ನೋಡಿರಲಿಲ್ಲ. ವೈನ್ ಕುಡಿದವರಂತೂ ಇರಲೇ ಇಲ್ಲ.

ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ನಮ್ಮ ಪಾಠದಲ್ಲಿ ವ್ಯಾಖ್ಯೆ ಮೊದಲು ಬರುತ್ತದೆ, ಬದುಕು ಬರುವುದೇ ಇಲ್ಲ. ಈಗಲೂ ಹಾಗೆಯೇ. ಅಣ್ಣನ ಮಗ ಬೆಂಗಳೂರಿನಲ್ಲಿ ಬಿಬಿಎ ಓದುತ್ತಿದ್ದಾನೆ. ಡಿಕ್ಟೇಷನ್ ಹೋಗಿ ವಾಟ್ಸ್‌ಆ್ಯಪ್‌ನಲ್ಲಿ ಪಿಪಿಟಿ ಬರುತ್ತದೆ, ಪರೀಕ್ಷೆಯ ಹಿಂದಿನ ದಿನ 'ಇಂಪಾರ್ಟೆಂಟ್ ಪ್ರಶ್ನೆ'ಗಳ ಪಟ್ಟಿ ಬರುತ್ತದೆ. ನಾಲ್ಕು ವರ್ಷದ ಡಿಗ್ರಿ ತಂದರು, 2024ರಲ್ಲಿ ಮತ್ತೆ ಮೂರಕ್ಕೆ ಇಳಿಸಿದರು. ಅಷ್ಟು ವರ್ಷವೂ ಒಳಗೆ ಏನು ಕಲಿಸುತ್ತೇವೆ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ಕಾಫಿಯ ನಾಡಿನಲ್ಲಿ ಕೂತು ವ್ಯಾಪಾರ ಓದುವ ಹುಡುಗನಿಗೆ ತನ್ನ ಮನೆಯ ಕಾಫಿ ಯಾರು ಕೊಳ್ಳುತ್ತಾರೆಂದು ಗೊತ್ತಿಲ್ಲ. ಅಣ್ಣನ ಮಗನನ್ನೇ ಕೇಳಿದೆ. "ಸಿಪ್ಪೆ ತೆಗೆಯೋಕೆ ಹಾಸನದ ಕ್ಯೂರಿಂಗ್ ಫ್ಯಾಕ್ಟರಿಗೆ ಹೋಗುತ್ತೆ ಚಿಕ್ಕಪ್ಪ" ಅಂದ. ಅಲ್ಲಿಂದಾಚೆಗೆ? ಇಟಲಿ ನಮ್ಮ ದೊಡ್ಡ ಗಿರಾಕಿ ಎಂದು ಅವನಿಗೆ ಹೇಳಿದ್ದು ಅವನ ತಂಗಿ, ನನ್ನ ಮಗಳು. 17ನೇ ಶತಮಾನದ ಕೊನೆಯಲ್ಲಿ ಡಚ್ಚರು ಜಾವಾಕ್ಕೆ ಕಾಫಿ ಗಿಡ ಒಯ್ದದ್ದು ನಮ್ಮ ಮಲಬಾರಿನ ಕಡೆಯಿಂದ ಎಂಬುದನ್ನು ನನಗೆ ಹೇಳಿದವಳೂ ಅವಳೇ.

ಇಲ್ಲಿನ ಕ್ರಮಕ್ಕೆ ದುಡ್ಡು ಬೇಕಲ್ಲ ಎನ್ನುವವರಿದ್ದಾರೆ. ಬೇಕು. ನಾವು ಇಲ್ಲಿನ ಪೌರರಾದ್ದರಿಂದ 2025-26ಕ್ಕೆ 2,601 ಯೂರೋದಲ್ಲಿ ಮುಗಿಯಿತು. ಊರಿನಿಂದ ನೇರ ಬಂದು ಸೇರುವ ಮಕ್ಕಳಿಗೆ ಅದು ಹತ್ತು ಸಾವಿರ ದಾಟುತ್ತದೆ. ಆದರೆ ಒಂದು ಮೇಜಿಗೂ ಹದಿನೈದು ಕುರ್ಚಿಗೂ ಎಷ್ಟು ದುಡ್ಡು ಬೇಕು? "ನಿಮ್ಮ ಮನೆಯಲ್ಲಿ ಏನು ಬೆಳೆಯುತ್ತೀರಿ" ಎಂದು ಒಂದು ಪ್ರಶ್ನೆ ಕೇಳುವುದಕ್ಕೆ?

ಇಷ್ಟು ಬರೆದು ನಿಲ್ಲಿಸಬೇಕೆಂದಿದ್ದೆ. ನಿಲ್ಲಿಸಿದರೆ ಅರ್ಧ ಮಾತ್ರ ಹೇಳಿದ ಹಾಗಾಗುತ್ತದೆ.

ನವೆಂಬರ್‌ನಲ್ಲಿ ಮೊದಲ ಪರೀಕ್ಷೆಗಳ ಫಲಿತಾಂಶ ಬಂತು. ಕಾಫಿಯ ಸಮಸ್ಯೆ ಬಂದಿದ್ದ ವಿಷಯದಲ್ಲಿ ಹತ್ತಕ್ಕೆ ಎಂಟು. ಗಣಿತ, ಸಂಖ್ಯಾಶಾಸ್ತ್ರ ಸೇರಿದ ವಿಷಯದಲ್ಲಿ ನಾಲ್ಕೂವರೆ. ಪಾಸಾಗಲು ಐದೂವರೆ ಬೇಕು. ಅವಳು ಹತ್ತು ದಿನ ನಮಗೆ ಹೇಳಲಿಲ್ಲ. ಹದಿನೆಂಟು ತುಂಬಿದ ಮೇಲೆ ಈ ದೇಶದಲ್ಲಿ ಮಕ್ಕಳ ಮಾರ್ಕ್ಸು ಮಕ್ಕಳದ್ದೇ, ತಂದೆತಾಯಿಗೆ ಯಾರೂ ತಿಳಿಸುವುದಿಲ್ಲ. ಕೊನೆಗೆ ಅಳುತ್ತಾ ಫೋನ್ ಮಾಡಿ, "ಮೇಜಿನ ಸುತ್ತ ಕೂತಾಗ ಎಲ್ಲಾ ಅರ್ಥ ಆಗುತ್ತಪ್ಪಾ, ಒಬ್ಬಳೇ ಲೆಕ್ಕ ಮಾಡಕ್ಕೆ ಕೂತ್ರೆ ಕೈ ಓಡಲ್ಲ" ಅಂದಳು.

ಕೈ ಓಡುವುದು ಹೇಗೆಂದು ನನಗೆ ಗೊತ್ತಿತ್ತು. ಕಲಿಸಿದವರು ಅದೇ ಮೇಷ್ಟ್ರು, ನನ್ನ ಗೆಳೆಯನನ್ನು ಕೂತ್ಕೊ ಎಂದವರು. ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ನಾವು ನಾಲ್ಕು ಜನ ಹಿಂದೆ ಬಿದ್ದಿದ್ದೇವೆಂದು ಅವರೇ ಗಮನಿಸಿ, ಅವರೇ ಕರೆದರು. ಚಳಿಗಾಲ ಪೂರ್ತಿ ಸಂಜೆ ಐದಕ್ಕೆ ಅವರ ಮನೆಯ ಜಗಲಿಯಲ್ಲಿ ಕೂರಿಸಿಕೊಂಡು ಲೆಕ್ಕ ಮಾಡಿಸಿದರು. ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಅಮ್ಮಾವ್ರು ದಿನವೂ ಕಾಫಿ ಕೊಟ್ಟರು. ಕೊನೆಯ ಬಸ್ಸು ತಪ್ಪಿದ ದಿನ ಅಲ್ಲೇ ಊಟ ಮಾಡಿ ಮಲಗಿದ್ದೂ ಉಂಟು. ಆ ಲೆಕ್ಕದ ಬಲದಿಂದಲೇ ನನಗೆ ಮೊದಲ ಕೆಲಸ ಸಿಕ್ಕಿತು, ಆ ಕೆಲಸದಿಂದಲೇ ಈ ದೇಶಕ್ಕೆ ಬಂದೆ. ಅವರ ಮೇಲೆ ಸಿಟ್ಟು ಮಾಡಿಕೊಂಡು ಬರೆಯುವಾಗ ಇದನ್ನು ಬಿಟ್ಟುಬಿಡುವುದು ನನಗೆ ಸುಲಭವಿತ್ತು.

ಮರುಪರೀಕ್ಷೆ ಇನ್ನೂ ಇದೆ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮಗಳೂ ನಾನೂ ವಿಡಿಯೋದಲ್ಲಿ ಕೂರುತ್ತೇವೆ. ನಾನು ಹತ್ತು ಲೆಕ್ಕ ಕೊಡುತ್ತೇನೆ, ಅವಳು ಕಾಗದದ ಮೇಲೆ ಮಾಡಿ ಕ್ಯಾಮೆರಾಕ್ಕೆ ಹಿಡಿಯುತ್ತಾಳೆ. ತಪ್ಪಾದದ್ದನ್ನು ಮೂರು ಸಲ ಮಾಡಿಸುತ್ತೇನೆ, ಜಗಲಿಯಲ್ಲಿ ಮೇಷ್ಟ್ರು ಮಾಡಿಸುತ್ತಿದ್ದ ಹಾಗೆ.